ಬಳಕೆಯಲ್ಲಿರುವ ಮೌಂಟ್‌ಗಳಿಗೆ ಧಕ್ಕೆಯಾಗದಂತೆ ಆಟೋಎಫ್‌ಎಸ್ ರೀಸ್ಟಾರ್ಟ್ ಮಾಡುವ ಬಗೆ

ಹತ್ತಾರು ಜನ ಲಾಗಿನ್ ಆಗಿ ಕೆಲಸ ಮಾಡುತ್ತಿರುವ ಲಿನಕ್ಸ್ ಸರ್ವರ್ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ಎಲ್ಲರ ಹೋಮ್ ಡೈರೆಕ್ಟರಿಗಳೂ ಬೇರೆ ಸ್ಟೋರೇಜ್ ಸರ್ವರ್‌ನಿಂದ ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ವ್ಯವಸ್ಥೆ) ಮೂಲಕ ಬರುತ್ತವೆ. ಯಾರಾದರೂ ತಮ್ಮ ಡೈರೆಕ್ಟರಿಯನ್ನು ಮುಟ್ಟಿದಾಗ ಆಟೋಎಫ್‌ಎಸ್ ಎಂಬ ಸೇವೆ ಅದನ್ನು ಮೌಂಟ್ ಮಾಡುತ್ತದೆ, ಅಂದರೆ ಈ ಯಂತ್ರದ ಡೈರೆಕ್ಟರಿ ಮರಕ್ಕೆ ಜೋಡಿಸುತ್ತದೆ, ಬಳಕೆ ನಿಂತ ಸ್ವಲ್ಪ ಹೊತ್ತಿಗೆ ತಾನೇ ಕಳಚುತ್ತದೆ. ಈಗ ಆಟೋಎಫ್‌ಎಸ್ ಪ್ಯಾಕೇಜಿಗೆ ಅಪ್‌ಡೇಟ್ ಬಂದಿದೆ, ಸೇವೆಯನ್ನು ರೀಸ್ಟಾರ್ಟ್ ಮಾಡಬೇಕು. ಆದರೆ ಮೌಂಟ್‌ಗಳಲ್ಲಿ ಅರ್ಧಕ್ಕರ್ಧ ಬ್ಯುಸಿ.

ಇಂಥ ಹೊತ್ತಿನಲ್ಲಿ ಕೆಲವರು ಎಲ್ಲರನ್ನೂ ಲಾಗೌಟ್ ಮಾಡಿಸುತ್ತಾರೆ, ಕೆಲವರು ಯಂತ್ರವನ್ನೇ ರೀಬೂಟ್ ಮಾಡುತ್ತಾರೆ. ಇನ್ನು ಕೆಲವರು ಎಲ್ಲ ಮೌಂಟ್‌ಗಳ ಮೇಲೂ ಬಲವಂತದ ಅನ್‌ಮೌಂಟ್ ಓಡಿಸುತ್ತಾರೆ. ಇದ್ಯಾವುದೂ ಬೇಕಿಲ್ಲ. ಬ್ಯುಸಿ ಮೌಂಟ್ ಅಂದರೆ ಅಲ್ಲಿ ಯಾರದೋ ಕೆಲಸ ನಡೆಯುತ್ತಿದೆ ಎಂದರ್ಥ. ಅದನ್ನು ಹಾಗೇ ಬಿಟ್ಟು ಸೇವೆಯನ್ನು ಮಾತ್ರ ಬದಲಾಯಿಸುವ ದಾರಿಯನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ಬಹಳ ವರ್ಷಗಳ ಹಿಂದೆಯೇ ಒದಗಿಸಿದೆ.

ಈ ಲೇಖನದಲ್ಲಿ ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ, ಉಳಿದ ಆಯ್ಕೆಗಳೆಲ್ಲ ಸಣ್ಣಕ್ಷರ.

ಒಳಗೆ ನಡೆಯುವುದೇನು

ಆಟೋಎಫ್‌ಎಸ್‌ನಲ್ಲಿ ಎರಡು ಭಾಗಗಳಿವೆ. ಒಂದು, ಕರ್ನಲ್ ಒಳಗಿನ ಆಟೋಎಫ್‌ಎಸ್ ಫೈಲ್‌ಸಿಸ್ಟಮ್. ಇನ್ನೊಂದು, ಹೊರಗೆ ಓಡುವ ಆಟೋಮೌಂಟ್ ಎಂಬ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಪ್ರೋಗ್ರಾಂ. ಇವೆರಡರ ನಡುವೆ ಒಂದು ಪೈಪ್. ಯಾರೋ /ಹೋಮ್/ಸುಮಾ ಎಂಬ ಡೈರೆಕ್ಟರಿಗೆ ಹೋಗಲು ಹೊರಟಾಗ ಕರ್ನಲ್ ಆ ಪ್ರೊಸೆಸ್ಸನ್ನು ತಡೆದು ನಿಲ್ಲಿಸಿ, ಪೈಪ್ ಮೂಲಕ ಡೀಮನ್‌ಗೆ ಸುದ್ದಿ ಕಳಿಸುತ್ತದೆ. ಡೀಮನ್ ಮ್ಯಾಪ್ (ಯಾವ ಹೆಸರಿಗೆ ಎಲ್ಲಿಂದ ಏನು ಮೌಂಟ್ ಆಗಬೇಕು ಎಂಬ ಪಟ್ಟಿ) ನೋಡಿ ಎನ್‌ಎಫ್‌ಎಸ್ ಮೌಂಟ್ ಮಾಡಿ, ಆಯಿತು ಎಂದು ಕರ್ನಲ್‌ಗೆ ತಿಳಿಸುತ್ತದೆ. ಆಮೇಲೆ ಪ್ರೊಸೆಸ್ ಮುಂದುವರಿಯುತ್ತದೆ.

ಒಮ್ಮೆ ಮೌಂಟ್ ಆದ ಮೇಲೆ ಫೈಲ್ ಓದುವುದು, ಬರೆಯುವುದು ಎಲ್ಲವೂ ನೇರವಾಗಿ ಕರ್ನಲ್ ಮತ್ತು ಸ್ಟೋರೇಜ್ ಸರ್ವರ್ ನಡುವಿನ ವ್ಯವಹಾರ. ಡೀಮನ್‌ಗೆ ಅಲ್ಲಿ ಪಾತ್ರವೇ ಇಲ್ಲ. ಹಾಗಾಗಿ ಡೀಮನ್ ನಿಂತರೆ ಈಗಾಗಲೇ ತೆರೆದಿರುವ ಫೈಲ್‌ಗಳಿಗೆ ಏನೂ ಆಗುವುದಿಲ್ಲ. ಹೊಸ ಮೌಂಟ್ ಸಿಗುವುದಿಲ್ಲ, ಹಳೆಯದು ತಾನಾಗಿ ಕಳಚುವುದಿಲ್ಲ, ಅಷ್ಟೇ.

ತೊಡಕು ಇರುವುದು ಡೀಮನ್ ಮರಳಿ ಬಂದಾಗ. ಹೊಸ ಡೀಮನ್ ಹಳೆಯ ಆಟೋಎಫ್‌ಎಸ್ ಮೌಂಟ್‌ಗೆ ಹೊಸ ಪೈಪ್ ಜೋಡಿಸಬೇಕು. ಅದಕ್ಕೆ ಆ ಡೈರೆಕ್ಟರಿಯನ್ನು ತೆರೆದು ಹಿಡಿಯಬೇಕು. /ಹೋಮ್‌ನಂಥ ಇನ್‌ಡೈರೆಕ್ಟ್ ಮ್ಯಾಪ್‌ನಲ್ಲಿ ಇದು ಸುಲಭ, ಏಕೆಂದರೆ /ಹೋಮ್ ಆಟೋಎಫ್‌ಎಸ್ ಆಗಿಯೇ ಉಳಿದಿರುತ್ತದೆ, ಎನ್‌ಎಫ್‌ಎಸ್ ಬರುವುದು ಅದರ ಕೆಳಗಿನ ಹೆಸರುಗಳ ಮೇಲೆ. ಡೈರೆಕ್ಟ್ ಮ್ಯಾಪ್‌ನಲ್ಲಿ ಹಾಗಲ್ಲ. /ಡೇಟಾ/ಪ್ರಾಜೆಕ್ಟ್ ಎಂಬ ಜಾಗದಲ್ಲಿ ಮೊದಲು ಆಟೋಎಫ್‌ಎಸ್ ಮೌಂಟ್ ಆಗುತ್ತದೆ, ಬಳಸಿದಾಗ ಅದೇ ಜಾಗದ ಮೇಲೆಯೇ ಎನ್‌ಎಫ್‌ಎಸ್ ಬಂದು ಕೂರುತ್ತದೆ. ಹಾಸಿದ ಚಾಪೆಯ ಮೇಲೆ ಇನ್ನೊಂದು ಚಾಪೆ ಹಾಸಿದ ಹಾಗೆ: ಕೈ ಚಾಚಿದರೆ ಸಿಗುವುದು ಮೇಲಿನದೇ. ಒಂದೇ ಹೆಸರಿನಡಿ ಹಲವು ಮೌಂಟ್‌ಗಳಿರುವ ಮ್ಯಾಪ್‌ಗಳಲ್ಲೂ ಇದೇ ಪಾಡು.

ಹಿಂದೆ ಇದಕ್ಕೆ ಇದ್ದ ಉಪಾಯ ಒರಟಾದದ್ದು. ಡೀಮನ್ ಮರಳಿ ಏಳುವಾಗ ಹಳೆಯ ಮೌಂಟ್‌ಗಳನ್ನೆಲ್ಲ ಲೇಜಿ ಅನ್‌ಮೌಂಟ್, ಅಂದರೆ ಯುಮೌಂಟ್ -ಎಲ್, ಮಾಡಿ ಹಾಕುತ್ತಿತ್ತು. ಮೇಲ್ನೋಟಕ್ಕೆ ಎಲ್ಲ ಸರಿಯಾದಂತೆ ಕಾಣುತ್ತದೆ, ತೆರೆದ ಫೈಲ್‌ಗಳೂ ಓಡುತ್ತವೆ. ಆದರೆ ಆ ಮೌಂಟ್ ಮರದಿಂದ ಕಡಿದುಹೋಗಿರುತ್ತದೆ. ಒಳಗೆ ಕೂತ ಪ್ರೊಸೆಸ್ ತಾನೆಲ್ಲಿದ್ದೇನೆ ಎಂದು ಮೇಲಕ್ಕೆ ಹುಡುಕಿಕೊಂಡು ಹೋದರೆ ದಾರಿ ಅರ್ಧಕ್ಕೇ ಮುಗಿಯುತ್ತದೆ. ಅಂಥ ಶೆಲ್‌ನಲ್ಲಿ ಕೂತು ಹೊಸದಾಗಿ ಬ್ಯಾಶ್ ಶುರುಮಾಡಿ ನೋಡಿ, ಈಗಿನ ಡೈರೆಕ್ಟರಿ ಯಾವುದೆಂದು ತಿಳಿಯುತ್ತಿಲ್ಲ ಎಂಬ ಗೆಟ್‌ಸಿಡಬ್ಲ್ಯುಡಿ ದೂರು ಮೊದಲ ಸಾಲಿನಲ್ಲೇ ಬರುತ್ತದೆ. ರಾತ್ರಿಯಿಡೀ ಓಡುವ ಬಿಲ್ಡ್ ಸ್ಕ್ರಿಪ್ಟ್ ನಡುವೆ ಎಲ್ಲೋ ತನ್ನ ಪಾತ್ ಕೇಳಿದರೆ ಅಲ್ಲೇ ಮುಗ್ಗರಿಸುತ್ತದೆ. ತಪ್ಪು ಎಲ್ಲಿದೆ ಎಂದು ಆ ಸ್ಕ್ರಿಪ್ಟ್ ಬರೆದವರಿಗೆ ಗೊತ್ತಾಗುವ ಸಾಧ್ಯತೆಯೇ ಇಲ್ಲ.

2008ರಲ್ಲಿ ಬಂದ 2.6.28 ಕರ್ನಲ್‌ನಲ್ಲಿ ಇದಕ್ಕೆ ಸರಿಯಾದ ಪರಿಹಾರ ಸಿಕ್ಕಿತು. /ಡೆವ್/ಆಟೋಎಫ್‌ಎಸ್ ಎಂಬ ಪ್ರತ್ಯೇಕ ಡಿವೈಸ್ ಸೇರಿತು. ಡೀಮನ್ ಈಗ ಅದರ ಮೂಲಕ ಪಾತ್ ಮತ್ತು ಡಿವೈಸ್ ನಂಬರ್ ಕೊಟ್ಟು, ಮೇಲೆ ಏನೇ ಕೂತಿದ್ದರೂ ಅಡಿಯ ಆಟೋಎಫ್‌ಎಸ್ ಮೌಂಟನ್ನು ಹಿಡಿದುಕೊಳ್ಳಬಲ್ಲದು. ಮುಂದಿನ ಹೆಜ್ಜೆಗಳೆಲ್ಲ ನಿಂತಿರುವುದು ಇದರ ಮೇಲೆ.

ಮೊದಲು ಕೇಳಿಕೊಳ್ಳಿ: ರೀಸ್ಟಾರ್ಟ್ ನಿಜಕ್ಕೂ ಬೇಕೆ?

ಬಹುಪಾಲು ಸಲ ಬೇಡ. ಇನ್‌ಡೈರೆಕ್ಟ್ ಮ್ಯಾಪ್ ಫೈಲಿಗೆ ಹೊಸ ಹೆಸರೊಂದನ್ನು ಸೇರಿಸಿದ್ದರೆ ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. ಆ ಹೆಸರನ್ನು ಯಾರಾದರೂ ಕೇಳಿದಾಗ ಡೀಮನ್ ಫೈಲ್ ಬದಲಾದದ್ದನ್ನು ಗಮನಿಸಿ ಓದಿಕೊಳ್ಳುತ್ತದೆ. ಡೈರೆಕ್ಟ್ ಮ್ಯಾಪ್ ಅಥವಾ /ಇಟಿಸಿ/ಆಟೋ.ಮಾಸ್ಟರ್ ಬದಲಾಗಿದ್ದರೆ ರೀಲೋಡ್ ಸಾಕು:

ಸುಡೊ ಸಿಸ್ಟಮ್‌ಸಿಟಿಎಲ್ ರೀಲೋಡ್ ಆಟೋಎಫ್‌ಎಸ್

ಇದು ಡೀಮನ್‌ಗೆ ಎಚ್‌ಯುಪಿ ಸಿಗ್ನಲ್ ಕಳಿಸುತ್ತದೆ. ಡೀಮನ್ ನಿಲ್ಲದೆ ಮ್ಯಾಪ್‌ಗಳನ್ನು ಮತ್ತೆ ಓದುತ್ತದೆ, ಪೈಪ್ ಕಡಿಯುವುದಿಲ್ಲ. ರೀಲೋಡ್‌ನಿಂದ ಆಗುವ ಕೆಲಸಕ್ಕೆ ರೀಸ್ಟಾರ್ಟ್ ಮಾಡುವುದನ್ನು ದಯವಿಟ್ಟು ರೂಢಿ ಮಾಡಿಕೊಳ್ಳಬೇಡಿ.

ಪ್ಯಾಕೇಜ್ ಅಪ್‌ಡೇಟ್ ಆಗಿದ್ದರೆ ರೀಸ್ಟಾರ್ಟ್ ಬೇಕೇ ಬೇಕು, ಓಡುತ್ತಿರುವುದು ಹಳೆಯ ಡೀಮನ್. /ಇಟಿಸಿ/ಆಟೋಎಫ್‌ಎಸ್.ಕಾನ್ಫ್ ಬದಲಿಸಿದ್ದರೂ ಖಚಿತವಾದ ದಾರಿ ರೀಸ್ಟಾರ್ಟೇ.

ಎರಡು ಸಂದರ್ಭಗಳಲ್ಲಿ ರೀಸ್ಟಾರ್ಟ್‌ನಿಂದ ಉಪಯೋಗವಿಲ್ಲ. ಒಂದು, ಮ್ಯಾಪ್‌ನಲ್ಲಿ ಹಳೆಯ ಸ್ಟೋರೇಜ್ ಸರ್ವರ್ ಬದಲು ಹೊಸದರ ಹೆಸರು ಬರೆದಾಗ. ಬ್ಯುಸಿ ಇರುವ ಮೌಂಟ್ ಹಳೆಯ ಸರ್ವರ್‌ಗೇ ಅಂಟಿಕೊಂಡಿರುತ್ತದೆ. ಅದು ಒಮ್ಮೆ ಕಳಚಿ ಮತ್ತೆ ಮೌಂಟ್ ಆದಾಗ ಮಾತ್ರ ಹೊಸದಕ್ಕೆ ಹೋಗುತ್ತದೆ. ಮೌಂಟ್ ಆಯ್ಕೆಗಳನ್ನು ಬದಲಿಸಿದರೂ ಹೀಗೆಯೇ. ಇನ್ನೊಂದು, ಸ್ಟೋರೇಜ್ ಸರ್ವರ್ ಸತ್ತು ಎಲ್ಲವೂ ತೂಗುಬಿದ್ದಾಗ. ಡೇಟಾ ಹರಿಯುವ ದಾರಿಯಲ್ಲಿ ಡೀಮನ್ ಇಲ್ಲವಾದ್ದರಿಂದ ಡೀಮನ್ ಬದಲಿಸಿದರೆ ಆ ರೋಗ ವಾಸಿಯಾಗದು. ಆ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಸಿದ್ಧತೆ

ನಿಮ್ಮ ಸ್ವಂತ ಹೋಮ್ ಡೈರೆಕ್ಟರಿಯೂ ಎನ್‌ಎಫ್‌ಎಸ್‌ನಲ್ಲಿದ್ದರೆ ಅಲ್ಲಿ ಕೂತು ಈ ಕೆಲಸಕ್ಕೆ ಕೈ ಹಾಕಬೇಡಿ. ರೂಟ್ ಆಗಿ, ಅಥವಾ ಲೋಕಲ್ ಡಿಸ್ಕ್‌ನಲ್ಲಿ ಹೋಮ್ ಇರುವ ಖಾತೆಯಿಂದ, ಎರಡು ಸೆಷನ್ ತೆರೆದಿಟ್ಟುಕೊಳ್ಳಿ. ಏನಾದರೂ ಎಡವಟ್ಟಾದರೆ ಹೊಸ ಲಾಗಿನ್ ಸಾಧ್ಯವಾಗದೆ ಹೋಗಬಹುದು. ಎರಡನೆಯ ಸೆಷನ್ ಆಗ ಬೇಕಾಗುತ್ತದೆ. ಎರಡರಲ್ಲೂ ಸಿಡಿ / ಕೊಟ್ಟು ರೂಟ್ ಡೈರೆಕ್ಟರಿಗೆ ಬನ್ನಿ.

ಆಮೇಲೆ ನಿಮ್ಮ ಡೀಮನ್ ಹೇಗೆ ಕಂಪೈಲ್ ಆಗಿದೆ ನೋಡಿ. ಇದಕ್ಕೆ ಆಟೋಮೌಂಟ್ ಕಮಾಂಡಿನ ಮುಂದೆ ಹೈಫನ್ ಮತ್ತು ದೊಡ್ಡ ವಿ. ಕೊನೆಯ ಸಾಲುಗಳಲ್ಲಿ ಕಂಪೈಲ್ ಆಯ್ಕೆಗಳು ಬರುತ್ತವೆ. ಅಲ್ಲಿ ಇಗ್ನೋರ್ ಬ್ಯುಸಿ ಮೌಂಟ್ಸ್ ಎಂಬ ಆಯ್ಕೆ ಇದ್ದರೆ ಡೀಮನ್ ನಿಲ್ಲುವಾಗ ಖಾಲಿ ಮೌಂಟ್‌ಗಳನ್ನು ಕಳಚಿ, ಬ್ಯುಸಿ ಇರುವವನ್ನು ಇದ್ದಲ್ಲೇ ಬಿಟ್ಟು ಹೊರಡುತ್ತದೆ. ನಮಗೆ ಬೇಕಾದದ್ದು ಇದೇ. ಆ ಆಯ್ಕೆ ಇಲ್ಲದಿದ್ದರೆ ಬ್ಯುಸಿ ಮೌಂಟ್ ಇರುವ ತನಕ ಡೀಮನ್ ನಿಲ್ಲಲು ಒಪ್ಪುವುದಿಲ್ಲ. ಫೋರ್ಸ್ಡ್ ಶಟ್‌ಡೌನ್ ಎಂದಿದ್ದರೆ ಎಚ್ಚರ: ಬ್ಯುಸಿ ಇರುವವೂ ಮರದಿಂದ ಕಡಿದುಹೋಗುವ ಸಾಧ್ಯತೆ ಇದೆ. ಅಂಥ ಯಂತ್ರದಲ್ಲಿ ಬಳಕೆದಾರರಿಗೆ ಮೊದಲೇ ತಿಳಿಸಿ, ಜನ ಇಲ್ಲದ ಹೊತ್ತು ಆರಿಸಿಕೊಳ್ಳಿ.

ಜೊತೆಗೆ /ಡೆವ್/ಆಟೋಎಫ್‌ಎಸ್ ಇದೆಯೇ ಎಂದು ಎಲ್‌ಎಸ್ ಕೊಟ್ಟು ಖಾತ್ರಿ ಮಾಡಿಕೊಳ್ಳಿ. ರೆಡ್ ಹ್ಯಾಟ್ ಬಳಗದಲ್ಲಿ /ಇಟಿಸಿ/ಸಿಸ್‌ಕಾನ್ಫಿಗ್/ಆಟೋಎಫ್‌ಎಸ್, ಡೆಬಿಯನ್ ಬಳಗದಲ್ಲಿ /ಇಟಿಸಿ/ಡಿಫಾಲ್ಟ್/ಆಟೋಎಫ್‌ಎಸ್ ಫೈಲಿನಲ್ಲಿ ಯೂಸ್ ಮಿಸ್ಕ್ ಡಿವೈಸ್ ಎಂಬ ಸಾಲು ಇದ್ದರೆ ಅದರ ಮೌಲ್ಯ ಯೆಸ್ ಇರಲಿ.

ಮ್ಯಾಪ್‌ಗಳು ಈಗ ಸರಿಯಾಗಿ ಓದಲು ಬರುತ್ತಿವೆಯೇ ಎಂಬುದನ್ನು ಹಳೆಯ ಡೀಮನ್ ಇನ್ನೂ ಓಡುತ್ತಿರುವಾಗಲೇ ನೋಡಬೇಕು:

ಸುಡೊ ಆಟೋಮೌಂಟ್ -ಎಂ

ಇದು ಎಲ್ಲ ಮ್ಯಾಪ್‌ಗಳನ್ನೂ ಓದಿ ತೋರಿಸಿ ಮುಗಿಯುತ್ತದೆ, ಏನನ್ನೂ ಮೌಂಟ್ ಮಾಡುವುದಿಲ್ಲ. ಮ್ಯಾಪ್‌ಗಳು ಎಲ್‌ಡ್ಯಾಪ್‌ನಿಂದ (ನೆಟ್‌ವರ್ಕ್‌ನಲ್ಲಿರುವ ಮಾಹಿತಿ ಕೋಶದಿಂದ) ಬರುವ ಕಡೆ ಇದನ್ನು ಬಿಡಲೇಬಾರದು. ಎಲ್‌ಡ್ಯಾಪ್ ಸಿಗದ ಹೊತ್ತಿನಲ್ಲಿ ಹಳೆಯ ಡೀಮನ್ ನಿಲ್ಲಿಸಿದರೆ, ತನ್ನ ನೆನಪಿನಲ್ಲಿದ್ದುದರಿಂದ ಹೇಗೋ ನಡೆಸುತ್ತಿದ್ದ ಡೀಮನ್ನೂ ಹೋಗಿ, ಹೊಸದಕ್ಕೆ ಮ್ಯಾಪೂ ಇಲ್ಲದಂತಾಗುತ್ತದೆ.

ಈಗಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳಿ

ಗ್ರೆಪ್ ಆಟೋಎಫ್‌ಎಸ್ /ಪ್ರಾಕ್/ಮೌಂಟ್ಸ್

ಇದರ ಫಲಿತಾಂಶವನ್ನು /ರೂಟ್ ಅಡಿಯಲ್ಲಿ ಒಂದು ಫೈಲಿಗೆ ಉಳಿಸಿ. ಹೀಗೊಂದು ಸಾಲು ಕಾಣುತ್ತದೆ:

/ಇಟಿಸಿ/ಆಟೋ.ಹೋಮ್ /ಹೋಮ್ ಆಟೋಎಫ್‌ಎಸ್ ಆರ್‌ಡಬ್ಲ್ಯು,ರಿಲೇಟೈಮ್,ಎಫ್‌ಡಿ=6,ಪಿಜಿಆರ್‌ಪಿ=1843,ಟೈಮ್‌ಔಟ್=300,ಮಿನ್‌ಪ್ರೊಟೊ=5,ಮ್ಯಾಕ್ಸ್‌ಪ್ರೊಟೊ=5,ಇನ್‌ಡೈರೆಕ್ಟ್

ಗಮನಿಸಬೇಕಾದದ್ದು ಎಫ್‌ಡಿ ಮತ್ತು ಪಿಜಿಆರ್‌ಪಿ. ಪಿಜಿಆರ್‌ಪಿ ಅಂದರೆ ಈ ಮೌಂಟ್ ಸದ್ಯ ಯಾವ ಡೀಮನ್‌ನ ಪ್ರೊಸೆಸ್ ಗುಂಪಿಗೆ ಸೇರಿದೆ ಎಂಬುದು. ಪಿಡ್‌ಆಫ್ ಆಟೋಮೌಂಟ್ ಕೊಟ್ಟರೆ ಅದೇ ಸಂಖ್ಯೆ ಬರಬೇಕು. ರೀಸ್ಟಾರ್ಟ್ ಆದ ಮೇಲೆ ಎಲ್ಲವೂ ಸರಿಯಾಯಿತೇ ಎಂದು ತೀರ್ಮಾನಿಸುವುದು ಇದರಿಂದಲೇ. ಟೈಮ್‌ಔಟ್ 300 ಎಂದರೆ ಐದು ನಿಮಿಷ ಯಾರೂ ಬಳಸದಿದ್ದರೆ ಕಳಚಬಹುದು ಎಂದು. ಡೀಮನ್ ಅದರ ಕಾಲುಭಾಗಕ್ಕೊಮ್ಮೆ, ಅಂದರೆ 75 ಸೆಕೆಂಡಿಗೊಮ್ಮೆ, ಪರೀಕ್ಷೆ ನಡೆಸುತ್ತದೆ.

ಪಟ್ಟಿಯಲ್ಲಿ ಪಿಜಿಆರ್‌ಪಿ=1 ಇರುವ ಸಾಲುಗಳೂ ಬರುತ್ತವೆ. ಬಿನ್‌ಎಫ್‌ಎಂಟಿ_ಮಿಸ್ಕ್ ಎಂಬುದು ಹೆಚ್ಚಿನ ಯಂತ್ರಗಳಲ್ಲಿ ಇದ್ದೇ ಇರುತ್ತದೆ. ಅವು ಸಿಸ್ಟಮ್‌ಡಿ (ಯಂತ್ರದ ಸೇವೆಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ತಾನೇ ನಡೆಸುವ ಆಟೋಮೌಂಟ್‌ಗಳು. ನಮ್ಮ ಡೀಮನ್‌ಗೂ ಅವಕ್ಕೂ ಸಂಬಂಧವಿಲ್ಲ, ಮುಟ್ಟಬೇಡಿ.

ಯಾರು ಬಳಸುತ್ತಿದ್ದಾರೆ?

ಮೊದಲು ಖಾಲಿ ಇರುವವನ್ನು ಕಳಚಿಸಿಬಿಡಿ. ಡೀಮನ್‌ಗೆ ಯುಎಸ್‌ಆರ್1 ಸಿಗ್ನಲ್ ಕಳಿಸಿದರೆ ಅದು ಓಡುತ್ತಲೇ ಇದ್ದು, ಬಳಕೆಯಲ್ಲಿಲ್ಲದ ಮೌಂಟ್‌ಗಳನ್ನೆಲ್ಲ ತಕ್ಷಣ ಕಳಚುತ್ತದೆ:

ಸುಡೊ ಕಿಲ್ -ಯುಎಸ್‌ಆರ್1 ಎಂದು ಬರೆದು, ಮುಂದೆ ಡೀಮನ್‌ನ ಪ್ರೊಸೆಸ್ ಸಂಖ್ಯೆ. ಸಿಗ್ನಲ್ ಹೆಸರು ದೊಡ್ಡಕ್ಷರಗಳಲ್ಲಿರಲಿ.

ಸಿಸ್ಟಮ್‌ಸಿಟಿಎಲ್ ಕಿಲ್ ಬಳಸುವ ಅಭ್ಯಾಸವಿದ್ದರೆ ಮೇನ್ ಪ್ರೊಸೆಸ್‌ಗೆ ಮಾತ್ರ ಎಂಬ ಆಯ್ಕೆಯನ್ನು ಮರೆಯದೆ ಸೇರಿಸಿ. ಇಲ್ಲವಾದರೆ ಡೀಮನ್ ಶುರುಮಾಡಿದ ಎಸ್‌ಎಸ್‌ಎಚ್‌ಎಫ್‌ಎಸ್‌ನಂಥ ಫ್ಯೂಸ್ (ಕರ್ನಲ್ ಹೊರಗೆ ಓಡುವ ಫೈಲ್‌ಸಿಸ್ಟಮ್) ಪ್ರೊಸೆಸ್‌ಗಳಿಗೂ ಆ ಸಿಗ್ನಲ್ ಹೋಗುತ್ತದೆ. ಆಟೋಎಫ್‌ಎಸ್‌ನ ಸಿಸ್ಟಮ್‌ಡಿ ಯೂನಿಟ್ ಫೈಲಿನಲ್ಲಿ ಕಿಲ್‌ಮೋಡ್=ಪ್ರೊಸೆಸ್ ಎಂದಿರುವುದೂ ಇಂಥ ಪ್ರೊಸೆಸ್‌ಗಳು ಉಳಿಯಲೆಂದೇ.

ಉಳಿದದ್ದು ನಿಜವಾಗಿ ಬ್ಯುಸಿ ಇರುವ ಪಟ್ಟಿ. ಒಂದೊಂದನ್ನೇ ನೋಡಿ:

ಸುಡೊ ಫ್ಯೂಸರ್ -ವಿಎಂ /ಹೋಮ್/ಸುಮಾ

ಬಳಕೆದಾರರ ಹೆಸರು, ಪ್ರೊಸೆಸ್ ಸಂಖ್ಯೆ, ಬಳಕೆಯ ಬಗೆ, ಕಮಾಂಡ್ ಹೀಗೆ ಸಾಲಾಗಿ ಬರುತ್ತದೆ. ಉದಾಹರಣೆಗೆ:

ಸುಮಾ 4127 ..ಸಿ.. ಬ್ಯಾಶ್

ನಡುವಿನ ಚುಕ್ಕೆಗಳ ಸಾಲಿನಲ್ಲಿ ಸಿ ಇದ್ದರೆ ಆ ಪ್ರೊಸೆಸ್ ಈಗ ಆ ಡೈರೆಕ್ಟರಿಯಲ್ಲಿ ಕೂತಿದೆ ಎಂದರ್ಥ, ಫೈಲ್ ಬರೆಯುತ್ತಿದೆ ಎಂದಲ್ಲ. ದೊಡ್ಡ ಎಫ್ ಇದ್ದರೆ ಬರೆಯಲು ಫೈಲ್ ತೆರೆದಿದೆ. ಇ ಅಂದರೆ ಅಲ್ಲಿನ ಪ್ರೋಗ್ರಾಂ ಓಡುತ್ತಿದೆ, ಎಂ ಅಂದರೆ ಫೈಲ್ ಮೆಮೊರಿಗೆ ಮ್ಯಾಪ್ ಆಗಿದೆ. ಮೇಲಿನ ಸಾಲು ಬಹುಶಃ ಟಿಮಕ್ಸ್‌ನಲ್ಲಿ (ಲಾಗೌಟ್ ಆದರೂ ಓಡುತ್ತಲೇ ಇರುವ ಟರ್ಮಿನಲ್) ಬಿಟ್ಟುಹೋದ ಶೆಲ್. ಬರೀ ಸಿ ಇರುವವರಿಗೆ ಒಂದು ಮಾತು ಹೇಳಿದರೆ ಸಿಡಿ / ಕೊಟ್ಟು ಹೊರಬರುತ್ತಾರೆ. ದೊಡ್ಡ ಎಫ್ ಇರುವವರನ್ನು ಅವರ ಪಾಡಿಗೆ ಬಿಡಿ.

ಫ್ಯೂಸರ್‌ಗೆ -ಕೆ ಸೇರಿಸಿ ಎಲ್ಲರನ್ನೂ ಕೊಲ್ಲುವ ಸಲಹೆ ಅಲ್ಲಲ್ಲಿ ಕಾಣಸಿಗುತ್ತದೆ. ಅದರಲ್ಲೊಂದು ದೊಡ್ಡ ಅಪಾಯವಿದೆ. ಸಣ್ಣ ಎಂ ಆಯ್ಕೆ ನೋಡುವುದು ಆ ಪಾತ್ ಇರುವ ಇಡೀ ಫೈಲ್‌ಸಿಸ್ಟಮನ್ನು. ಆ ಹೊತ್ತಿಗೆ ಪಾತ್ ಮೌಂಟ್ ಆಗಿರದಿದ್ದರೆ ಅದು ಮೇಲಿನ ಫೈಲ್‌ಸಿಸ್ಟಮ್‌ಗೆ ಸೇರುತ್ತದೆ. ಅದು ರೂಟ್ ಆಗಿದ್ದರೆ ಯಂತ್ರದ ಬಹುತೇಕ ಪ್ರೊಸೆಸ್‌ಗಳು ಒಟ್ಟಿಗೆ ಸಾಯುತ್ತವೆ. ಬಳಸಲೇಬೇಕಾದರೆ ದೊಡ್ಡ ಎಂ ಆಯ್ಕೆಯನ್ನೂ ಜೊತೆಗೆ ಕೊಡಿ, ಆಗ ಆ ಪಾತ್ ಮೌಂಟ್ ಪಾಯಿಂಟ್ ಆಗಿದ್ದರೆ ಮಾತ್ರ ಕಮಾಂಡ್ ಮುಂದುವರಿಯುತ್ತದೆ.

ಫ್ಯೂಸರ್ ಯಾರನ್ನೂ ತೋರಿಸದೆ ಇದ್ದರೂ ಮೌಂಟ್ ಬ್ಯುಸಿ ಇರಬಹುದು. ಅದರ ಕೆಳಗೆ ಇನ್ನೊಂದು ಮೌಂಟ್ ಇದ್ದರೆ, ಅಲ್ಲಿನ ಇಮೇಜ್ ಫೈಲ್ ಲೂಪ್ ಡಿವೈಸ್ ಆಗಿದ್ದರೆ, ಹೀಗೆ ಪ್ರೊಸೆಸ್ ಅಲ್ಲದ ಹಿಡಿತಗಳಿವೆ. ಫೈಂಡ್‌ಮೌಂಟ್ ಮತ್ತು ಲೋಸೆಟಪ್ -ಎ ಇವನ್ನು ತೋರಿಸುತ್ತವೆ.

ರೀಸ್ಟಾರ್ಟ್

ಇಷ್ಟೆಲ್ಲ ಆದ ಮೇಲೆ ಕಮಾಂಡ್ ಒಂದೇ ಸಾಲು:

ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಆಟೋಎಫ್‌ಎಸ್

ಹಳೆಯ ಡೀಮನ್ ನಿಂತು ಹೊಸದು ಏಳುವ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಆಗ ಹಳೆಯ ಆಟೋಎಫ್‌ಎಸ್ ಮೌಂಟ್‌ಗಳು ಕ್ಯಾಟಟಾನಿಕ್ ಎಂಬ, ಅಂದರೆ ಕೋರಿಕೆ ಕೇಳುವ ಡೀಮನ್ ಇಲ್ಲದ, ಸ್ಥಿತಿಯಲ್ಲಿರುತ್ತವೆ. ಈಗಾಗಲೇ ಮೌಂಟ್ ಆಗಿರುವ /ಹೋಮ್/ಸುಮಾ ಎಂದಿನಂತೆ ಕೆಲಸ ಮಾಡುತ್ತದೆ. ಆದರೆ ಆಗ ಹೊಸದಾಗಿ ಲಾಗಿನ್ ಆದವರ ಹೋಮ್ ಕೇಳಿದರೆ ಕರ್ನಲ್ ಕಾಯಿಸುವುದಿಲ್ಲ, ಅಂಥ ಫೈಲೇ ಇಲ್ಲ ಎಂದುಬಿಡುತ್ತದೆ. ಮನುಷ್ಯರಾದರೆ ಮತ್ತೆ ಲಾಗಿನ್ ಆಗುತ್ತಾರೆ, ನಿಗದಿತ ಹೊತ್ತಿಗೆ ತಾನಾಗಿ ಓಡುವ ಕ್ರಾನ್ ಕೆಲಸ ಮಾತ್ರ ಅಲ್ಲೇ ಸೋತು ಕೂರುತ್ತದೆ. ಆದ್ದರಿಂದ ಗಂಟೆ ಸರಿಯಾಗಿ ಹೊಡೆಯುವ ನಿಮಿಷವನ್ನು ತಪ್ಪಿಸಿ. ಕ್ಲಸ್ಟರ್ ಆದರೆ ಆ ಯಂತ್ರಕ್ಕೆ ಹೊಸ ಜಾಬ್ ಬರದಂತೆ ಶೆಡ್ಯೂಲರ್‌ನಲ್ಲಿ ತಡೆಹಿಡಿದು, ರೀಸ್ಟಾರ್ಟ್ ಆದ ಮೇಲೆ ಬಿಡಿ.

ಕಮಾಂಡ್ ತಕ್ಷಣ ಮುಗಿಯದಿದ್ದರೆ ಕಂಟ್ರೋಲ್-ಸಿ ಒತ್ತಲು ಆತುರ ಬೇಡ. ಆಟೋಎಫ್‌ಎಸ್‌ನ ಯೂನಿಟ್ ಫೈಲಿನಲ್ಲಿ ಸಾಮಾನ್ಯವಾಗಿ 180 ಸೆಕೆಂಡ್ ಗಡುವಿರುತ್ತದೆ. ಅಷ್ಟರಲ್ಲಿ ಡೀಮನ್ ನಿಲ್ಲದಿದ್ದರೆ ಸಿಸ್ಟಮ್‌ಡಿ ತಾನೇ ಕೊಲ್ಲುತ್ತದೆ. ನೀವಾಗಿ ಕಿಲ್ -9 ಕೊಟ್ಟರೆ ಖಾಲಿ ಮೌಂಟ್‌ಗಳನ್ನೂ ಕಳಚಲು ಅವಕಾಶವಿಲ್ಲದೆ ಡೀಮನ್ ಸಾಯುತ್ತದೆ, ಹೊಸದರ ತಲೆಯ ಮೇಲೆ ಅಷ್ಟೂ ಹೊರೆ ಬೀಳುತ್ತದೆ.

ಪರಿಶೀಲನೆ

ಮತ್ತೆ ಅದೇ ಗ್ರೆಪ್ ಕೊಟ್ಟು ಮೊದಲಿನ ಫೈಲ್ ಜೊತೆ ಹೋಲಿಸಿ. ಆಟೋಎಫ್‌ಎಸ್‌ಗೆ ಸೇರಿದ ಪ್ರತಿ ಸಾಲಿನಲ್ಲೂ ಪಿಜಿಆರ್‌ಪಿ ಈಗ ಹೊಸ ಡೀಮನ್‌ನ ಸಂಖ್ಯೆ ಆಗಿರಬೇಕು. ಹಾಗಿದ್ದರೆ ಬ್ಯುಸಿ ಮೌಂಟ್‌ಗಳ ಸಮೇತ ಎಲ್ಲವೂ ಹೊಸ ಡೀಮನ್ ಕೈಗೆ ಬಂದಿವೆ.

ಎಲ್ಲಾದರೂ ಎಫ್‌ಡಿ=-1 ಕಂಡರೆ ಆ ಮೌಂಟನ್ನು ಯಾರೂ ಕೈಗೆತ್ತಿಕೊಂಡಿಲ್ಲ, ಅದು ಕ್ಯಾಟಟಾನಿಕ್ ಆಗಿಯೇ ಉಳಿದಿದೆ. ಮ್ಯಾಪ್‌ನಿಂದ ಆ ಹೆಸರನ್ನು ತೆಗೆದುಹಾಕಿದ್ದರೆ ಹೀಗಾಗಬಹುದು. ಅದರ ಮೇಲಿನ ಎನ್‌ಎಫ್‌ಎಸ್ ಖಾಲಿಯಾಗುವ ತನಕ ಕಾಯಿರಿ, ಮೊದಲು ಎನ್‌ಎಫ್‌ಎಸ್, ಆಮೇಲೆ ಅದೇ ಪಾತ್‌ನ ಆಟೋಎಫ್‌ಎಸ್, ಹೀಗೆ ಎರಡು ಸಲ ಸಾದಾ ಯುಮೌಂಟ್ ಕೊಟ್ಟು ರೀಲೋಡ್ ಮಾಡಿ. ಅವಸರದಲ್ಲಿ -ಎಲ್ ಸೇರಿಸಿದರೆ ಮೇಲೆ ಹೇಳಿದ ದಾರಿ ತಪ್ಪಿದ ಪ್ರೊಸೆಸ್‌ಗಳ ಕಥೆಯೇ ಮರುಕಳಿಸುತ್ತದೆ.

ಈವರೆಗೆ ಮೌಂಟ್ ಆಗಿರದ ಒಂದು ಹೋಮನ್ನು ಎಲ್‌ಎಸ್ ಕೊಟ್ಟು ತೆರೆಯಿರಿ. ಜರ್ನಲ್‌ಸಿಟಿಎಲ್ -ಯು ಆಟೋಎಫ್‌ಎಸ್ ನೋಡಿ. ಲಾಗ್ ಸಾಲದಿದ್ದರೆ ಆಟೋಎಫ್‌ಎಸ್.ಕಾನ್ಫ್‌ನಲ್ಲಿ ಲಾಗಿಂಗ್ = ಡೀಬಗ್ ಎಂದು ಬದಲಿಸಬಹುದು.

ಸ್ಟೋರೇಜ್ ಸರ್ವರ್ ಸತ್ತಿದ್ದರೆ

ಈ ಸ್ಥಿತಿಯಲ್ಲಿ ಡಿಎಫ್, ಎಲ್‌ಎಸ್‌ಒಎಫ್ ಕೊಟ್ಟರೆ ಅವೂ ಹೋಗಿ ಸಿಕ್ಕಿಕೊಳ್ಳುತ್ತವೆ. ಎಲ್‌ಎಸ್‌ಒಎಫ್‌ಗೆ -ಬಿ ಆಯ್ಕೆ ಕೊಟ್ಟರೆ ತೂಗುಬೀಳುವ ಕರೆಗಳನ್ನು ತಪ್ಪಿಸಲು ನೋಡುತ್ತದೆ. ಹಳೆಯ ಡೀಮನ್ ಕೂಡ ನಿಲ್ಲುವಾಗ ಇದೇ ಕಾರಣಕ್ಕೆ ಸಿಕ್ಕಿಬೀಳಬಹುದು.

ಸರ್ವರ್ ಅರ್ಧ ಗಂಟೆಯಲ್ಲಿ ಮರಳುವುದಾದರೆ ಏನೂ ಮಾಡದಿರುವುದೇ ಒಳ್ಳೆಯದು. ಎನ್‌ಎಫ್‌ಎಸ್‌ನ ಹಾರ್ಡ್ ಮೌಂಟ್‌ಗಳು ಸರ್ವರ್ ಬರುವ ತನಕ ಕಾದು, ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತವೆ. ಬರೆಯುತ್ತಿದ್ದ ಫೈಲ್ ಉಳಿಯುತ್ತದೆ. ಸರ್ವರ್ ಇನ್ನು ಬರುವುದೇ ಇಲ್ಲ ಎಂದು ಖಚಿತವಾದಾಗ ಮಾತ್ರ ಯುಮೌಂಟ್ -ಎಫ್ ಕೊಡಿ. ಅದು ಬಾಕಿ ಉಳಿದ ಕೋರಿಕೆಗಳನ್ನು ರದ್ದುಮಾಡುತ್ತದೆ, ಕಾಯುತ್ತಿದ್ದ ಪ್ರೊಸೆಸ್‌ಗಳಿಗೆ ಎರರ್ ಸಿಗುತ್ತದೆ. ಅವನ್ನು ಕೊಂದು ಮತ್ತೊಮ್ಮೆ ಸಾದಾ ಯುಮೌಂಟ್ ಪ್ರಯತ್ನಿಸಿ. ಅದೂ ಆಗದಿದ್ದರೆ -ಎಲ್. ಉಳಿಸಿಕೊಳ್ಳುವ ಕೆಲಸ ಯಾವುದೂ ಉಳಿದಿಲ್ಲದ ಇಂಥ ಮೌಂಟ್‌ಗೆ ಲೇಜಿ ಅನ್‌ಮೌಂಟ್ ಸರಿಯಾದ ಮದ್ದು.

ಕಂಟೇನರ್ ಇರುವ ಯಂತ್ರಗಳಿಗೆ

/ಹೋಮ್ ಅನ್ನು ಡಾಕರ್ ಕಂಟೇನರ್ ಒಳಕ್ಕೆ ಕೊಟ್ಟಿದ್ದರೆ ಒಂದು ವಿಷಯ ನೋಡಿಕೊಳ್ಳಿ. ಡಾಕರ್ ತಾನಾಗಿ ಬಳಸುವುದು ಆರ್‌ಪ್ರೈವೇಟ್ ಬಗೆಯ ಹಂಚಿಕೆ. ಹೊರಗೆ ಡೀಮನ್ ಮಾಡಿದ ಹೊಸ ಮೌಂಟ್ ಆಗ ಕಂಟೇನರ್ ಒಳಗೆ ಕಾಣಿಸದು, ಮತ್ತು ಅಲ್ಲಿನ ಪ್ರೋಗ್ರಾಂಗೆ ಸಿಂಬಾಲಿಕ್ ಲಿಂಕ್‌ಗಳು ತೀರಾ ಹೆಚ್ಚಾದವು ಎಂಬ ದಿಕ್ಕು ತಪ್ಪಿಸುವ ಎರರ್ ಬರುತ್ತದೆ. ರೀಸ್ಟಾರ್ಟ್ ಮಾಡಿದ ದಿನವೇ ಇದು ಕಂಡುಬಂದರೆ ಎಲ್ಲರೂ ಆಟೋಎಫ್‌ಎಸ್ ಕೆಟ್ಟಿತು ಎಂದುಕೊಳ್ಳುತ್ತಾರೆ. ವಾಲ್ಯೂಮ್ ಕೊಡುವಾಗ ಪಾತ್‌ನ ಕೊನೆಗೆ ಆರ್‌ಸ್ಲೇವ್ ಎಂದು ಸೇರಿಸಿ ಕಂಟೇನರನ್ನು ಮತ್ತೆ ರಚಿಸಿದರೆ ಹೊರಗಿನ ಮೌಂಟ್‌ಗಳು ಒಳಗೂ ಬರುತ್ತವೆ. ಓಡುತ್ತಿರುವ ಕಂಟೇನರ್‌ಗೆ ಈ ಆಯ್ಕೆಯನ್ನು ಆಮೇಲೆ ಸೇರಿಸಲು ಬರುವುದಿಲ್ಲ, ಆದ್ದರಿಂದ ಆಟೋಎಫ್‌ಎಸ್ ರೀಸ್ಟಾರ್ಟ್‌ಗೆ ದಿನ ಗೊತ್ತುಮಾಡುವಾಗಲೇ ಕಂಟೇನರ್ ನಡೆಸುವವರಿಗೂ ತಿಳಿಸಿ.